ಸಂಡೂರಿನ ಮಣ್ಣನ್ನು ಹುಡುಕಿಕೊಂಡು ಚೀನಾಕ್ಕೆ

ಹಂಪಿ

ಆ ಭಾನುವಾರ ನಾವಿಬ್ಬರೂ ಹೇಮಕೂಟದ ಬಂಡೆಯ ಮೇಲೆ ಕೂತು ಧೂಳು ಹುಡುಕುತ್ತಿದ್ದೆವು. ಹಂಪಿಗೆ ಬಂದವರು ಗುಡಿ ನೋಡುತ್ತಾರೆ. ನಮ್ಮ ಮನೆಯವರಿಗೆ ಬೇಕಾಗಿದ್ದದ್ದು ಒಂದೇ. ಸಂಡೂರಿನಿಂದ ಅದಿರು ತುಂಬಿಕೊಂಡು ಹೊಸಪೇಟೆ ದಾಟುವ ಲಾರಿಗಳ ಕೆಂಪು ಧೂಳು ಈ ಬಂಡೆಯಿಂದ ಕಾಣುತ್ತದೋ ಇಲ್ಲವೋ ಗೊತ್ತಾಗಬೇಕಿತ್ತು. ಅವರು ಬರೆಸುತ್ತಿದ್ದ ಕಾದಂಬರಿಯಲ್ಲಿ ಒಬ್ಬ ಮುದುಕಿ ಅಲ್ಲಿ ಕೂತು ಮಗನ ಲಾರಿಯ ಧೂಳನ್ನು ಗುರುತು ಹಿಡಿಯುತ್ತಾಳೆ.

ಮಧ್ಯಾಹ್ನದವರೆಗೆ ಕೂತೆವು. ಬಾಳೆತೋಟ, ಬಂಡೆಗುಡ್ಡ, ಅದರಾಚೆ ಬರೀ ಮಬ್ಬು. ಕೊನೆಗೆ ಅವರು ಪ್ಯಾಂಟು ಕೊಡವಿಕೊಂಡು ಎದ್ದರು. "ಕಾಣಂಗಿಲ್ಲ. ಕಾಣಂಗಿಲ್ಲ ಅಂತನ ಬರಿ" ಅಂದರು. ನಾನು ಅಲ್ಲೇ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಬರೆದೆ. ಮುದುಕಿಗೆ ಧೂಳು ಕಾಣುವುದಿಲ್ಲ. ಆದರೂ ಅವಳು ದಿನಾ ಬಂದು ಕೂರುತ್ತಾಳೆ. ಅವರು ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಆ ಪುಟದ ಬಲಮೂಲೆಯಲ್ಲಿ ಒಂದು ಚುಕ್ಕೆ ಇಟ್ಟರು.

ನಮ್ಮ ಮನೆಯ ಬರವಣಿಗೆ ನಡೆಯುತ್ತಿದ್ದದ್ದೇ ಹೀಗೆ. ಅವರು ಸಂಡೂರು ರಸ್ತೆಯ ಒಂದು ತೂಕದ ಕಾಟಾದಲ್ಲಿ ಕ್ಲಾರ್ಕ್. ಲಾರಿ ಬಂದು ಕಾಟಾದ ಮೇಲೆ ನಿಂತರೆ ತೂಕ ನೋಡಿ ಚೀಟಿ ಹರಿದು ಕೊಡುವ ಕೆಲಸ. ದಿನವಿಡೀ ಚೀಟಿ ಬರೆದ ಕೈಗೆ ಮನೆಯಲ್ಲಿ ಪೆನ್ನು ಹಿಡಿಯುವುದು ಬೇಡವಾಗುತ್ತಿತ್ತು. ಅವರು ಪಡಸಾಲೆಯಲ್ಲಿ ಅಡ್ಡಾಡುತ್ತ ಹೇಳುತ್ತಿದ್ದರು, ಹತ್ತನೇ ತರಗತಿ ಓದಿದ ನಾನು ಬರೆಯುತ್ತಿದ್ದೆ. ಮೂರು ಕಥಾಸಂಕಲನಗಳು ಹೀಗೇ ಆದವು. ಕಣ್ಣಿಂದ ನೋಡಿರದ ಸಂಗತಿ ಬಂದರೆ ಅವರು ನಿಂತುಬಿಡುತ್ತಿದ್ದರು. ಆಗ ನಾನು ನಾಲ್ಕು ಸಾಲು ಖಾಲಿ ಬಿಟ್ಟು ಅಂಚಿನಲ್ಲಿ 'ನೋಡಬೇಕು' ಎಂದು ಬರೆಯಬೇಕು. ರಜೆ ಸಿಕ್ಕಾಗ ಇಬ್ಬರೂ ಹೋಗಿ ನೋಡಿಬರುತ್ತಿದ್ದೆವು. ದರೋಜಿಯ ಕರಡಿಯನ್ನೂ ಹಾಗೇ ನೋಡಿದ್ದು, ಕಂಪ್ಲಿಯ ಕಾಲುವೆಗೆ ನೀರು ಬಿಡುವ ದಿನವನ್ನೂ ಹಾಗೇ ನೋಡಿದ್ದು. ಪುಟದಲ್ಲಿ ಖಾಲಿ ಜಾಗ ಉಳಿದಿಲ್ಲ ಎಂದಾದಾಗ ಮೂಲೆಗೆ ಆ ಚುಕ್ಕೆ.

ಹಂಪಿಯಿಂದ ವಾಪಸು ಬಂದು ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ನನಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು, ಅವರು ನಕ್ಕರು. ಸೋಮವಾರ ಬೆಳಿಗ್ಗೆ ರೊಟ್ಟಿಯ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದರು. ಹನ್ನೊಂದು ಗಂಟೆಗೆ ಕಾಟಾದ ಮೇಲೆ ಒಂದು ಲಾರಿ ನಿಂತೇ ಇತ್ತಂತೆ. ಚೀಟಿ ಯಾಕೆ ಬರಲಿಲ್ಲ ಎಂದು ಡ್ರೈವರ್ ಇಳಿದು ಬಂದು ನೋಡಿದಾಗ ಅವರು ಮೇಜಿನ ಮೇಲೆ ತಲೆಯಿಟ್ಟಿದ್ದರು.

ಕಂಪ್ಲಿ

ಕಾದಂಬರಿ ಉಳಿಯಿತು. ಅದು ಈರಣ್ಣ ಎಂಬ ಲಾರಿ ಡ್ರೈವರನ ಕಥೆ. ಹತ್ತು ವರ್ಷ ಸಂಡೂರಿನ ಅದಿರನ್ನು ಕರಾವಳಿಗೆ ಹೊತ್ತವನು, ಇಷ್ಟೂ ಮಣ್ಣು ಕೊನೆಗೆ ಎಲ್ಲಿ ಇಳಿಯುತ್ತದೆ ಎಂದು ನೋಡಲು ಚೀನಾದ ಬಂದರಿಗೆ ಹೋಗುತ್ತಾನೆ. ಕೊನೆಯ ಅಧ್ಯಾಯ ಪೂರ್ತಿ ಆ ಬಂದರಿನಲ್ಲಿ ನಡೆಯುತ್ತದೆ. ಅದರಲ್ಲಿ ಹನ್ನೊಂದು 'ನೋಡಬೇಕು' ಇದ್ದವು.

ಅವರ ಅಣ್ಣ, ನನ್ನ ಭಾವನವರು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ಹಿಂದಿನ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದು ಅವರೇ. ನಮ್ಮವರ ತಿಂಗಳ ಪೂಜೆ ಮುಗಿದ ಮೇಲೆ ಒಬ್ಬ ಮೇಷ್ಟರನ್ನು ಕರೆಸಿದ್ದರು. ಮೇಷ್ಟರು ಹಸ್ತಪ್ರತಿ ತಿರುವಿ, ಇದೇನು ದೊಡ್ಡ ವಿಷಯವಲ್ಲ, ಚೀನಾದ ಬಂದರಿನ ಫೋಟೋಗಳು ಕಂಪ್ಯೂಟರಿನಲ್ಲಿ ಬೇಕಾದಷ್ಟು ಸಿಗುತ್ತವೆ, ಒಂದು ವಾರದಲ್ಲಿ ತುಂಬಿಕೊಡುತ್ತೇನೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಭಾವನವರು ತಲೆಯಾಡಿಸಿದರು.

ಭಾವನವರ ಆ ಪಡಸಾಲೆಯಲ್ಲಿ ನಾನು ಅಲ್ಲಿಯವರೆಗೆ ಚಹಾ ಬೇಕೇ ಎಂದು ಕೇಳಿದ್ದು ಬಿಟ್ಟರೆ ಏನೂ ಮಾತಾಡಿದವಳಲ್ಲ. ಅವತ್ತು ಅದ್ಹೇಗೋ ಬಾಯಿ ಬಂತು.

"ಅವ್ರು ಕಾಣದ್ದನ್ನ ಬರೆಸಿಲ್ಲ ಭಾವಾರ. ಇದೊಂದನ್ನ ಹಂಗ ಬರೆಸೂದು ಬ್ಯಾಡ್ರಿ."

"ಹಂಗಾರ ಯಾರು ನೋಡಿ ಬರ್ತಾರ?"

"ನಾನ."

ಬಾಗಿಲ ಹತ್ತಿರ ನಿಂತಿದ್ದ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಕಂಪ್ಲಿಗೆ ಬರೂದು ಬಿಟ್ಟು ಗಂಗಾವತಿ ಬಸ್ ಹತ್ತಿದಾಕಿ ನೀನು. ಚೀನಾಕ್ಕ ಹೊಂಟಿಯೇನ?" ಆ ಬಸ್ಸಿನ ಕಥೆ ನಮ್ಮ ಮನೆತನದಲ್ಲಿ ಇಪ್ಪತ್ತು ವರ್ಷದಿಂದ ಓಡುತ್ತಿದೆ. ನಾನೂ ನಕ್ಕೆ. ಆ ತಿಂಗಳಲ್ಲಿ ಮೊದಲ ಸಲ ನಕ್ಕಿದ್ದು.

ಭಾವನವರು ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಅಧ್ಯಾಯ ಆಗದಿದ್ದರೆ ಮೇಷ್ಟರು ಬರೆಯುತ್ತಾರೆ, ಪುಸ್ತಕ ನಿಲ್ಲಬಾರದು ಎಂಬುದು ಅವರ ತೀರ್ಮಾನ.

ದಾರಿ ತೋರಿಸಿದವನು ಪಂಪಾಪತಿ. ನಮ್ಮವರಿಗಿಂತ ಹತ್ತು ವರ್ಷ ಚಿಕ್ಕವನು, ಅವರ ಪುಸ್ತಕಗಳನ್ನು ಎಲ್ಲರಿಗಿಂತ ಮೊದಲು ಓದುವ ಗೆಳೆಯ. ಹೊಸಪೇಟೆಯಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವನ ಕೆಲಸ. ಹಡಗು ಚೀನಾ ಮುಟ್ಟಿದಾಗ ಅಲ್ಲಿಯೂ ಹೋಗಿ ಮಾದರಿ ತೆಗೆಯುವಾಗ ನಿಲ್ಲುತ್ತಾನೆ. ನಮ್ಮವರನ್ನು ಒಮ್ಮೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದನಂತೆ. ಆ ಮಾತನ್ನು ನನಗೆ ಮತ್ತು ಮಗಳು ಶೈಲಾಗೆ ತೀರಿಸಿದ. ಶೈಲಾ ಹೈಸ್ಕೂಲ್ ಟೀಚರ್, ಇಂಗ್ಲಿಷ್ ಬರುತ್ತದೆ. ರಜೆ ಹಾಕಿ ಬಂದಳು. ಪಾಸ್‌ಪೋರ್ಟು ಕೈಗೆ ಬಂದ ದಿನ ಅದನ್ನು ಮೂಸಿ ನೋಡಿದೆ. ಹೊಸ ಪುಸ್ತಕದ ವಾಸನೆಯೇ ಇತ್ತು.

ವಿಮಾನ ನಿಲ್ದಾಣ

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಇನ್ನೆರಡು ವಿಮಾನ. ಊರಿನ ಹೆಸರು ಚಿಂಗ್‌ಡಾವ್, ಸಮುದ್ರದ ದಂಡೆಯ ಮೇಲಿದೆ. ಮೋಡದ ಮೇಲೆ ಹೋಗುವಾಗ ನನಗೆ ಹೆದರಿಕೆ ಆಗಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಸಂಡೂರು ಘಾಟಿಯಲ್ಲಿ ಅದಿರು ಲಾರಿಗಳ ನಡುವೆ ಸ್ಕೂಟರಿನ ಹಿಂದೆ ಕೂತವರಿಗೆ ವಿಮಾನ ಏನೂ ಅಲ್ಲ.

ಚಿಂಗ್‌ಡಾವ್‌ನಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಚೀಲ ತೆರೆಸಿದ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಶೇಂಗಾ ಚಟ್ನಿ ಪುಡಿ ಮೂಸಿದ. ವಿಭೂತಿ ಗಟ್ಟಿಯನ್ನು ಬೆಳಕಿಗೆ ಹಿಡಿದ. ನಾನು ಹಣೆ ತೋರಿಸಿದೆ. ಅವನಿಗೆ ತಿಳಿಯಿತು, ಜೋಪಾನವಾಗಿ ವಾಪಸು ಇಟ್ಟ. ಆಮೇಲೆ ಉಪ್ಪಿನಕಾಯಿಯ ಸಣ್ಣ ಬಾಟಲಿ ಕೈಗೆ ಬಂತು. ಅದರಲ್ಲಿ ಇದ್ದದ್ದು ಸಂಡೂರಿನ ಅದಿರು ಮಣ್ಣು. ನಮ್ಮವರು ಕೂರುತ್ತಿದ್ದ ಕಾಟಾದ ಬುಡದಿಂದ ನಾನೇ ಒಂದು ಮುಷ್ಟಿ ತುಂಬಿಕೊಂಡು ಬಂದಿದ್ದೆ. ಪಂಪಾಪತಿಗೂ ಹೇಳಿರಲಿಲ್ಲ.

ಅದನ್ನು ತರಲು ಕಾರಣವಿತ್ತು. ಹನ್ನೊಂದರಲ್ಲಿ ದೊಡ್ಡ 'ನೋಡಬೇಕು' ಇದಾಗಿತ್ತು: ಬಂದರಿನಲ್ಲಿ ನಾನಾ ದೇಶದ ಅದಿರಿನ ರಾಶಿಗಳಿರುತ್ತವೆ, ಅವುಗಳಲ್ಲಿ ತನ್ನೂರಿನ ಮಣ್ಣು ಯಾವುದೆಂದು ಈರಣ್ಣನಿಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗದೆ ನಮ್ಮವರು ಎರಡು ತಿಂಗಳು ಅಡ್ಡಾಡಿದ್ದರು. ಅಲ್ಲಿ ಬಾಟಲಿ ಪಕ್ಕದಲ್ಲಿಟ್ಟು ಹೋಲಿಸಿ ನೋಡೋಣ ಎಂದು ನನ್ನ ಲೆಕ್ಕ.

ಬೇರೆ ದೇಶದ ಮಣ್ಣು ಒಳಗೆ ಬಿಡುವುದಿಲ್ಲ, ಅದು ಕಾಯಿದೆ. ಅಧಿಕಾರಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಬರೆದು, ನನ್ನಿಂದ ಸಹಿ ಮಾಡಿಸಿಕೊಂಡ. ಪಂಪಾಪತಿ ಹೊರಗೆ ಬರುವವರೆಗೆ ನಗು ತಡೆದುಕೊಂಡಿದ್ದ.

"ಹಡಗ ತುಂಬ ತಂದರ ಕೈಮುಗಿದು ಇಳಿಸ್ಕೋತಾರ. ನೀವು ಒಂದು ಮುಷ್ಟಿ ತಂದೀರಿ, ಕಸ್ಕೊಂಡ್ರು ನೋಡ್ರಿ ಅಕ್ಕಾರ" ಎಂದು ಬೀದಿಯಲ್ಲಿ ನಿಂತು ನಗತೊಡಗಿದ. ಶೈಲಾನೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಇನ್ನು ಹೋಲಿಸುವುದು ಯಾವುದರ ಜೊತೆ?

ಮಂಜಿನ ದಿನ

ಅದಿರು ಇಳಿಯುವ ಬಂದರು ಕೊಲ್ಲಿಯ ಆಚೆ ದಡದಲ್ಲಿತ್ತು. ಈ ದಡದಿಂದ ದೊಡ್ಡ ದೋಣಿಯಲ್ಲಿ ದಾಟಬೇಕು. ನಮಗೆ ಬಂದರಿನೊಳಗೆ ಹೋಗಲು ಎರಡೇ ದಿನದ ಪರವಾನಗಿ. ಹಡಗು ಖಾಲಿಯಾಗುತ್ತ ಬಂದಿದೆ ಎಂದು ಫೋನು ಬಂದಿತ್ತು. ಮೊದಲ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಹೊರಗೆ ಏನೂ ಇಲ್ಲ. ಬೀದಿಯೂ ಇಲ್ಲ, ಸಮುದ್ರವೂ ಇಲ್ಲ. ಹಾಲಿನಂಥ ಮಂಜು. ದೋಣಿ ಬಂದ್.

ನಮ್ಮ ಜೊತೆಗೆ ಅಲ್ಲಿನ ಲ್ಯಾಬಿನವರು ಲೀ ಎಂಬ ಹುಡುಗಿಯನ್ನು ಕಳಿಸಿದ್ದರು. ಅವಳು ಚೀನೀ ಮಾತನ್ನು ಇಂಗ್ಲಿಷಿಗೆ ತರುವಳು, ಶೈಲಾ ಅದನ್ನು ನನಗೆ ಕನ್ನಡದಲ್ಲಿ ಹೇಳುವಳು. ಸುಮ್ಮನೆ ಕೂರುವುದು ಬೇಡವೆಂದು ಲೀ ನಮ್ಮನ್ನು ಒಂದು ಉದ್ಯಾನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ವಯಸ್ಸಾದವರು ಹಿಂದೆ ಹಿಂದೆ ನಡೆಯುತ್ತಿದ್ದರು! ಬೆನ್ನು ಮುಂದು ಮಾಡಿಕೊಂಡು, ಕೈ ತಟ್ಟುತ್ತ, ಮಂಜಿನೊಳಗಿಂದ ಬರುತ್ತಾರೆ, ಮಂಜಿನೊಳಗೆ ಹೋಗುತ್ತಾರೆ. ಆರೋಗ್ಯಕ್ಕೆ ಒಳ್ಳೆಯದಂತೆ. ಎಲ್ಲರ ಕೈಯಲ್ಲೂ ಚಹಾ ಎಲೆ ತೇಲುವ ಬಿಸಿನೀರಿನ ಬಾಟಲಿ. ತಣ್ಣೀರು ಕುಡಿಯುವವಳು ನಾನೊಬ್ಬಳೇ ಎಂದು ಒಬ್ಬ ಅಜ್ಜಿ ನನ್ನ ಬಾಟಲಿ ಕಸಿದುಕೊಂಡು ಬಿಸಿನೀರು ತುಂಬಿಸಿಕೊಟ್ಟಳು. ಬೈದದ್ದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ಕಲ್ಲು ಹಾಸಿದ ಜಾಗದಲ್ಲಿ ಒಬ್ಬ ಮುದುಕರು ಕಸಬರಿಗೆಯಷ್ಟು ಉದ್ದದ ಕುಂಚವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ನೆಲದ ಮೇಲೆ ಬರೆಯುತ್ತಿದ್ದರು. ಬರೀ ನೀರಿನಲ್ಲಿ. ಮೊದಲ ಸಾಲು ಆರುವಷ್ಟರಲ್ಲಿ ಅವರು ಹತ್ತನೇ ಸಾಲಿನಲ್ಲಿರುತ್ತಾರೆ. ದಿನಾ ಬರುತ್ತಾರಂತೆ. ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಕುಂಚವನ್ನು ನನ್ನ ಕೈಗೆ ಕೊಟ್ಟರು. ನಾನು ಬರೆಯುವ ಹೆಂಗಸು ಎಂದು ಶೈಲಾ ಲೀಗೆ ಹೇಳಿಬಿಟ್ಟಿದ್ದಳು. ನಾನಾಗಿ ಬರೆದವಳಲ್ಲ, ಹೇಳಿದ್ದನ್ನು ಬರೆದವಳು ಎಂದು ತಿದ್ದುವಷ್ಟು ಭಾಷೆ ನನ್ನಲ್ಲಿರಲಿಲ್ಲ.

ಏನು ಬರೆಯಲಿ? ಕೈಗೆ ರೂಢಿಯಾದ ಪದವೇ ಬಂತು. 'ನೋಡಬೇಕು' ಎಂದು ಮಾರುದ್ದ ಬರೆದೆ. ಜನ ಸೇರಿದರು. ಅಕ್ಷರ ಎಲ್ಲಾ ದುಂಡಗಿವೆ, ಮೂಲೆಯೇ ಇಲ್ಲವಲ್ಲ ಎಂದು ಅವರಿಗೆ ಖುಷಿ. ಮುದುಕರು ಸುತ್ತ ನಡೆದು ನೋಡಿ, ಅರ್ಥ ಕೇಳಿ, ಏನನ್ನು ನೋಡಬೇಕು ಎಂದು ಕೇಳಿದರು. ಆಚೆ ದಡದಲ್ಲಿ ನಮ್ಮೂರಿನ ಮಣ್ಣಿದೆ, ಅದನ್ನು ಎಂದೆ. ಅವರು ಮಂಜಿನ ಕಡೆ ಕೈ ತೋರಿಸಿ, ನಾಳೆ ಹತ್ತು ಗಂಟೆಗೆ ಬಿಡುತ್ತದೆ ಅಂದರು. ಮಂಜಿದ್ದದ್ದರಿಂದ ನನ್ನ ಅಕ್ಷರ ಬೇಗ ಆರಲಿಲ್ಲ. ನಾವು ಹೊರಡುವಾಗಲೂ ಇತ್ತು.

ಆಚೆ ದಡ

ಹತ್ತು ಗಂಟೆಗೆ ಬಿಟ್ಟಿತು. ದೋಣಿ ಅಂದರೆ ನನಗೆ ಗೊತ್ತಿದ್ದದ್ದು ಹಂಪಿಯ ಹೊಳೆಯ ಹರಿಗೋಲು. ಅದರಲ್ಲಿ ಎಂಟು ಜನ ಕೂತರೆ ಒಂಬತ್ತನೆಯವರು ಕಾಲು ಮಡಚಿಕೊಳ್ಳಬೇಕು. ಇದರ ಹೊಟ್ಟೆಯೊಳಗೆ ಬಸ್ಸುಗಳೇ ಹತ್ತಿ ನಿಂತವು. ನಾನು ಕಂಬಿ ಹಿಡಿದು ಮುಂದೆ ನಿಂತೆ. ಕ್ರೇನುಗಳು ಒಂದೊಂದಾಗಿ ಮಂಜಿನಿಂದ ಹೊರಬಂದವು. ಆಮೇಲೆ ಹಡಗು. ಕಂಪ್ಲಿಯ ಒಂದು ಬೀದಿಯನ್ನು ಎತ್ತಿ ನೀರಿನ ಮೇಲೆ ಇಟ್ಟಹಾಗಿತ್ತು. ಅದರ ಹೆಸರು ದಡದಿಂದ ಓದಲು ಬರುತ್ತದೆಯೇ ಎಂಬುದು ಒಂಬತ್ತನೇ 'ನೋಡಬೇಕು'. ಹೆಸರು ಬರೆಯುವ ಮೂತಿಯ ಕಡೆ ಇನ್ನೂ ಮಂಜು ಉಳಿದಿತ್ತು. "ಕಾಣಂಗಿಲ್ಲ ಅಂತ ಬರಕೋ" ಎಂದು ಶೈಲಾಗೆ ಹೇಳಿದೆ. ಹೇಳಿದ ಮೇಲೆ ಅದು ಯಾರ ಮಾತು ಎಂದು ಇಬ್ಬರಿಗೂ ಗೊತ್ತಾಯಿತು.

ಬಂದರಿನ ಬಾಗಿಲಲ್ಲಿ ಎಲ್ಲರಿಗೂ ಹೆಲ್ಮೆಟ್ ಕೊಟ್ಟರು. ನನ್ನ ತುರುಬಿನ ಮೇಲೆ ಅದು ಕೂರಲೇ ಇಲ್ಲ. ಕಾವಲುಗಾರ ನಿಯಮ ಬಿಡ, ತುರುಬು ಜಾಗ ಬಿಡದು. ಕೊನೆಗೆ ಅಲ್ಲೇ ಒಂದು ಕಡೆ ಕೂತು ಶೈಲಾ ನನಗೆ ಶಾಲೆಯ ಹುಡುಗಿಯ ಹಾಗೆ ಜಡೆ ಹೆಣೆದಳು. ಕೆಂಪು ಹೆಲ್ಮೆಟ್, ಕೆಳಗೆ ಜಡೆ, ಇಳಕಲ್ ಸೀರೆ. ಪಂಪಾಪತಿ ಫೋಟೋ ತೆಗೆದಿದ್ದಾನೆ, ಯಾರಿಗೂ ತೋರಿಸಕೂಡದೆಂದು ಆಣೆ ಹಾಕಿಸಿದ್ದೇನೆ.

ಒಳಗೆ ಕಾಲಿಟ್ಟ ಮೇಲೆ ಕೈಯಲ್ಲಿದ್ದ 'ನೋಡಬೇಕು' ಪಟ್ಟಿ ಓಡತೊಡಗಿತು. ಲಾರಿಗಳಿಗೆ ಹಾರ ಹಾಕಿರುತ್ತಾರೆಯೇ? ಇಲ್ಲ, ಕನ್ನಡಿಗೆ ಕೆಂಪು ದಾರದ ಗಂಟು ಕಟ್ಟುತ್ತಾರೆ. ರಾಶಿಗಳನ್ನು ಬಯಲಲ್ಲಿ ಬಿಡುತ್ತಾರೆಯೇ? ಇಲ್ಲ, ಹಸಿರು ಬಲೆ ಹೊದಿಸುತ್ತಾರೆ, ನೀರು ಚಿಮುಕಿಸುತ್ತಾರೆ. ಶೈಲಾ ಒಂದೊಂದಕ್ಕೂ ಗೀಟು ಎಳೆಯುತ್ತ ನನ್ನ ಹಿಂದೆ ಓಡುತ್ತಿದ್ದಳು.

ಏಳನೆಯದು ಹೀಗಿತ್ತು: ಅಲ್ಲಿ ತೂಕ ಮಾಡುವವನು ಹೇಗೆ ಕೂರುತ್ತಾನೆ? ಕಾಟಾ ಕಂಡಿತು, ಪಕ್ಕದಲ್ಲಿ ಗಾಜಿನ ಸಣ್ಣ ಕೋಣೆ. ಒಳಗಿದ್ದದ್ದು ಹೆಂಗಸು, ನನ್ನ ವಯಸ್ಸಿನವಳು. ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ಉಲ್ಲನ್ ಹೆಣೆಯುತ್ತಿದ್ದಳು. ಲಾರಿ ಬಂತು. ಹೆಣಿಗೆ ಬದಿಗಿಟ್ಟಳು, ತೂಕ ನೋಡಿದಳು, ಚೀಟಿ ಹರಿದು ಕಿಟಕಿಯಿಂದ ಕೈ ಚಾಚಿದಳು. ತಲೆ ಎತ್ತದೆ ಕೈಯೊಂದನ್ನೇ ಹೊರಗೆ ಚಾಚುವ ಆ ರೀತಿ ನನಗೆ ಗೊತ್ತಿತ್ತು. ನಾನು ರೊಟ್ಟಿ ಡಬ್ಬಿ ಮರೆತ ದಿನ ತೆಗೆದುಕೊಂಡು ಹೋದರೆ ನಮ್ಮವರೂ ಚೀಟಿಯೆಂದುಕೊಂಡು ಹಾಗೇ ಕೈ ಚಾಚುತ್ತಿದ್ದರು. ಸ್ವಲ್ಪ ಹೊತ್ತು ನಾನು ಅಲ್ಲೇ ನಿಂತೆ. ಯಾರೂ ಕರೆಯಲಿಲ್ಲ.

ಆಮೇಲೆ ರಾಶಿಗಳು. ಒಂದರ ಪಕ್ಕ ಒಂದು, ಮೂರು ಗುಡ್ಡ. ಪಂಪಾಪತಿ ಮುಂದೆ ಹೋಗಿ ಹೆಸರು ಬರೆದ ಹಲಗೆಗಳಿಗೆ ಬೆನ್ನು ಕೊಟ್ಟು ನಿಂತ. ಬರೆದದ್ದು ಚೀನೀ ಅಕ್ಷರ, ನನಗೆ ಹೇಗೂ ಓದಲು ಬಾರದು.

"ಅಕ್ಕಾರ, ಮೂರು ದೇಶದ ಮಾಲು ಐತಿ ಇಲ್ಲಿ. ನಮ್ಮದು ಯಾವ್ದು, ನೀವ ಹೇಳ್ರಿ. ನಾ ಹೇಳಿದ್ರ ಅಣ್ಣಾರ ಲೆಕ್ಕದಾಗ ಅದು ನೋಡಿದಂಗ ಆಗಂಗಿಲ್ಲ."

ಮೂರೂ ಕೆಂಪು. ಹತ್ತಿರ ಹೋದೆ, ದೂರ ಬಂದೆ. ಬಾಟಲಿ ಇದ್ದಿದ್ದರೆ! ಎಡಗಡೆಯದೇ ಹೆಚ್ಚು ಕೆಂಪು ಎಂದು ಬೆರಳು ಎತ್ತಿದ್ದೆ, ಇಳಿಸಿದೆ. ಕಣ್ಣಿಗೆ ನಂಬಿಕೆ ಬರಲಿಲ್ಲ. ಬಾಗಿ ಎಡಗಡೆಯ ಮಣ್ಣನ್ನು ಬೆರಳಿಗೆ ಹಚ್ಚಿಕೊಂಡು, ರೂಢಿಯಂತೆ ಸೆರಗಿಗೆ ಒರೆಸಲು ಹೋದೆ. ಅಲ್ಲೇ ನಿಂತೆ.

ಇಪ್ಪತ್ತಾರು ವರ್ಷ ನಾನು ಆ ಮನುಷ್ಯನ ಅಂಗಿ ಒಗೆದಿದ್ದೇನೆ. ಸೋಪು ಹಾಕಿ, ನಿಂಬೆಹಣ್ಣು ತಿಕ್ಕಿ, ಬಿಸಿಲಿಗೆ ಹಾಕಿ, ಕೊನೆಗೆ ಕೈಬಿಟ್ಟಿದ್ದೇನೆ. ಕಾಲರಿನ ಒಳಗೆ ಉಳಿಯುವ ಆ ಬಣ್ಣ ನನಗೆ ಗೊತ್ತಿರುವಷ್ಟು ಯಾವ ಲ್ಯಾಬಿಗೂ ಗೊತ್ತಿಲ್ಲ.

ಚೀಲದಲ್ಲಿ ಅವರದೇ ಒಂದು ಬಿಳಿ ಕರವಸ್ತ್ರ ಇತ್ತು. ಮೂರು ಮೂಲೆಗೆ ಮೂರು ರಾಶಿಯ ಮಣ್ಣು ತಿಕ್ಕಿದೆ. ನೀರು ಬೇಕು ಎಂದೆ. ಲೀ ಓಡಿಹೋಗಿ ಗಾಜಿನ ಕೋಣೆಯ ಹೆಂಗಸಿನಿಂದ ಬಿಸಿನೀರಿನ ಫ್ಲಾಸ್ಕು ತಂದಳು, ಹಿಂದೆಯೇ ಆ ಹೆಂಗಸೂ ಬಂದಳು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೀನಾದ ಬಂದರಿನಲ್ಲಿ, ಜಡೆ ಹಾಕಿಕೊಂಡು, ನಾನು ಕರವಸ್ತ್ರ ಒಗೆದೆ. ಎಡಗಡೆಯ ರಾಶಿಯ ಕಲೆ ನೀರಿನ ಜೊತೆ ಹೋಯಿತು. ಬಲಗಡೆಯದು ಮಸುಕಾಗಿ ಕಂದು ಉಳಿಯಿತು. ನಡುವಿನದು ಕದಲಲಿಲ್ಲ. ತಿಕ್ಕಿದಷ್ಟೂ ದಾರದ ಒಳಗೆ ಹೋಗಿ ಕೂತಿತು. ಅದೇ ಬಣ್ಣ, ಅದೇ ಹಟ.

"ಇದು" ಎಂದೆ. "ನಡುವಿಂದು ನಮ್ಮದು."

ಪಂಪಾಪತಿ ಬದಿಗೆ ಸರಿದು ಹಲಗೆಯನ್ನು ಲೀಗೆ ಓದಲು ಹೇಳಿದ. ಅವಳು ಓದಿದಳು. ಇಂಡಿಯಾ ಎಂಬ ಪದ ಶೈಲಾ ಹೇಳುವ ಮೊದಲೇ ಲೀಯ ಮುಖದಲ್ಲಿ ಕಂಡಿತು. "ನಮ್ಮ ಲ್ಯಾಬಿನ್ಯಾಗ ಇದಕ್ಕ ಎರಡು ದಿನ ಹಿಡೀತದರಿ" ಎಂದು ಪಂಪಾಪತಿ ನಗಲು ಹೋಗಿ, ಆ ಕಡೆ ತಿರುಗಿ ಮೂಗು ಒರೆಸಿಕೊಂಡ. ನಾನು ಮಾತ್ರ ನಗುತ್ತಿದ್ದೆ. ಇದನ್ನು ಈಗಲೇ ಹೋಗಿ ಅವರಿಗೆ ಹೇಳಬೇಕು ಅನಿಸಿತು. ಎರಡು ತಿಂಗಳು ಅಡ್ಡಾಡಿದಿರಲ್ಲ, ಉತ್ತರ ನಿಮ್ಮ ಕೊರಳಿನ ಸುತ್ತಲೇ ಇತ್ತು ಎಂದು.

ಕಾಟಾದ ಹೆಂಗಸು ಕರವಸ್ತ್ರ ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಕೋಟಿನ ತೋಳು ಮಡಚಿ ಒಳಗಿನ ಅಂಗಿಯ ಅಂಚನ್ನು ನನಗೆ ತೋರಿಸಿದಳು. ಅಲ್ಲಿಯೂ ಅದೇ ಕಲೆ. ಇಂಡಿಯಾದ ಹಡಗು ಬರುವ ದಿನ ಕಪ್ಪು ಕೋಟು ಹಾಕಿಕೊಳ್ಳುತ್ತೇನೆ, ಈ ಮಣ್ಣು ಹೋಗುವುದಿಲ್ಲ ಎಂದಳು. ಆ ಮಾತು ಲೀ, ಶೈಲಾ ಇಬ್ಬರನ್ನೂ ದಾಟಿ ನನಗೆ ಬರುವ ಮೊದಲೇ ನಾನು ತಲೆಯಾಡಿಸಿದ್ದೆ.

ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಚೀಲ ಮತ್ತೆ ತೆರೆದರು. ಮಡಚಿದ ಕರವಸ್ತ್ರವನ್ನು ಯಾರೂ ಕೇಳಲಿಲ್ಲ.

ಹೊಸಪೇಟೆ

ಬರೆಯಲು ಕೂತರೆ ಬರಲಿಲ್ಲ. ಎಲ್ಲ ನೋಡಿಬಂದಿದ್ದೇನೆ, ತಲೆಯಲ್ಲಿ ಎಲ್ಲ ಇದೆ, ಆದರೆ ಯಾರಾದರೂ ಹೇಳದೆ ನನ್ನ ಕೈ ಓಡದು. ಮೂರು ದಿನ ಹಾಗೇ ಕಳೆದವು. ನಾಲ್ಕನೇ ದಿನ ಶೈಲಾ ಎದ್ದು ಪಡಸಾಲೆಯಲ್ಲಿ ಅಪ್ಪನ ಹಾಗೆ ಅಡ್ಡಾಡತೊಡಗಿದಳು. "ಹೇಳವ್ವಾ, ಬಂದರಿನ ಬಾಗಿಲಾಗ ಏನಾತು?" ನಾನು ಕಂಡದ್ದನ್ನು ಹೇಳಿದೆ. ಅವಳು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿದಳು. ನಾನು ಬರೆದೆ. ನನ್ನ ಮಾತೇ ಅವಳ ಬಾಯಿಂದ ಬಂದಾಗ ಕೈ ಓಡಿತು. ಸಂಜೆ ಪಂಪಾಪತಿ ಬಂದು ಕೇಳಿ, ಲಾರಿಯ ಟೈರು ಎಷ್ಟು ಎಂಬಂಥವನ್ನು ತಿದ್ದುತ್ತಿದ್ದ. ಹನ್ನೆರಡು ದಿನದಲ್ಲಿ ಹನ್ನೊಂದು ಜಾಗವೂ ತುಂಬಿದವು. ದೀಪಾವಳಿಗೆ ಇನ್ನೂ ತಿಂಗಳುಗಳಿದ್ದವು.

ಕಂಪ್ಲಿಯ ಪಡಸಾಲೆಯಲ್ಲಿ ಶೈಲಾ ಅದನ್ನು ಓದಿದಳು. ಗಿರಣಿಯ ಸದ್ದು ಕೇಳಬಾರದೆಂದು ಭಾವನವರು ಅಷ್ಟು ಹೊತ್ತು ಗಿರಣಿ ನಿಲ್ಲಿಸಿದ್ದರು. ಮೇಷ್ಟರೂ ಬಂದಿದ್ದರು. ಈರಣ್ಣ ತನ್ನ ಅಂಗಿ ಬಿಚ್ಚಿ ಮೂರು ರಾಶಿಯ ಮಣ್ಣು ತಿಕ್ಕಿ ಒಗೆಯುವ ಜಾಗಕ್ಕೆ ಬಂದಾಗ ಭಾವನವರು ಇನ್ನೊಮ್ಮೆ ಓದು ಎಂದರು. ಎರಡನೇ ಸಲವೂ ತಲೆ ಎತ್ತದೆ ಕೇಳಿದರು.

"ಇದು ಅವನ ಮಾತಲ್ಲ" ಅಂದರು. ಶೈಲಾ ನನ್ನ ಕಡೆ ನೋಡಿದಳು. "ಗಂಡಸಿಗೆ ಇದು ಹೊಳಿಯಂಗಿಲ್ಲ. ಇರ್ಲಿ. ಪ್ರೆಸ್ಸಿಗೆ ಕೊಡ್ರಿ."

ಮೇಷ್ಟರು ಎದ್ದು ಬಂದು ಕರವಸ್ತ್ರ ತೋರಿಸಿ ಎಂದು ಕೇಳಿದರು. ನೆಗೆಣ್ಣಿ ಚಹಾ ತಂದಿಡುತ್ತ, ಮುಂದಿನ ಸಲ ಗಂಗಾವತಿ ಬಸ್ ಹತ್ತುವಾಗ ತನ್ನನ್ನೂ ಕರೆದುಕೊಂಡು ಹೋಗಬೇಕೆಂದಳು.

ಪ್ರೆಸ್ಸಿಗೆ ಕೊಡುವ ದಿನ ಹಸ್ತಪ್ರತಿಯನ್ನು ಜೋಡಿಸಿ ದಾರ ಕಟ್ಟುತ್ತಿದ್ದೆ. ಶೈಲಾ ನಮ್ಮವರ ಅಂಗಿಯ ಜೇಬಿನಿಂದ ಕೆಂಪು ಪೆನ್ಸಿಲ್ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನಾನು ಅದನ್ನು ಕೈಗೆ ತೆಗೆದುಕೊಂಡು, ಮೊನೆ ನೋಡಿ, ಮತ್ತೆ ಅಂಗಿಯ ಜೇಬಿನಲ್ಲೇ ಇಟ್ಟುಬಂದೆ.

ಮೊದಲಿನ ಎಲ್ಲ ಪುಟಗಳ ಬಲಮೂಲೆಯಲ್ಲೂ ಚುಕ್ಕೆ ಇದೆ. ಕೊನೆಯ ಹದಿನಾಲ್ಕು ಪುಟಗಳಲ್ಲಿ ಇಲ್ಲ.